ದಿನ ನೋಡಬೇಡಿ, ಜನ ನೋಡಿ: ವಿಮಾನ ಟಿಕೆಟ್ ಕಡಿಮೆಗೆ ಕೊಳ್ಳುವ ಸೂತ್ರಗಳು

ಮಂಗಳೂರಿನ ಟ್ರಾವೆಲ್ ಏಜೆನ್ಸಿಯೊಂದರ ಕೌಂಟರಿನಲ್ಲಿ ಕೂತು ಹತ್ತೊಂಬತ್ತು ವರ್ಷ ಜನರಿಗೆ ಟಿಕೆಟ್ ಮಾಡಿಕೊಟ್ಟಿದ್ದೇನೆ. ದುಬೈಗೆ ಮೊದಲ ಸಲ ಹೊರಟ ಹುಡುಗರು, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ಅಮ್ಮಂದಿರು, ದಿಲ್ಲಿಗೆ ಇಂಟರ್‌ವ್ಯೂಗೆ ಹೋಗುವವರು, ಎಲ್ಲರೂ ಕೇಳುತ್ತಿದ್ದದ್ದು ಒಂದೇ ಮಾತು: "ಯಾವಾಗ ಬುಕ್ ಮಾಡಿದ್ರೆ ಕಡಿಮೆಗೆ ಸಿಗುತ್ತೆ?" ಈಗ ಎಲ್ಲರ ಕೈಯಲ್ಲೂ ಫೋನಿದೆ, ಕೌಂಟರಿಗೆ ಬರುವವರು ಕಡಿಮೆಯಾಗಿದ್ದಾರೆ. ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ನನ್ನ ಉತ್ತರ ಇಷ್ಟೇ: ದಿನ ನೋಡಬೇಡಿ, ಜನ ನೋಡಿ. ನೀವು ಹತ್ತಬೇಕೆಂದಿರುವ ವಿಮಾನವನ್ನೇ ಇನ್ನೆಷ್ಟು ಮಂದಿ ಹತ್ತಬೇಕೆಂದಿದ್ದಾರೆ ಎಂಬ ಅಂದಾಜು ಸಿಕ್ಕಿದರೆ, ಯಾವಾಗ ಕೊಳ್ಳಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

1. ಒಂದು ವಿಮಾನ, ಹತ್ತಾರು ದರ

ಇದನ್ನು ತಿಳಿದುಕೊಳ್ಳದೆ ಮುಂದಿನ ಯಾವ ಸೂತ್ರವೂ ಕೈಗೆ ಹತ್ತುವುದಿಲ್ಲ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಏಜೆಂಟರ ಪರದೆಯ ಮೇಲೆ ಒಂದು ವಿಮಾನ ಹೀಗೆ ಕಾಣಿಸುತ್ತದೆ: ವೈ9 ಬಿ9 ಎಂ4 ಕೆ1 ಕ್ಯೂ0. ಅಕ್ಷರ ಎಂದರೆ ದರದ ಮೆಟ್ಟಿಲು. ಅಂಕಿ ಎಂದರೆ ಆ ಮೆಟ್ಟಿಲಲ್ಲಿ ಉಳಿದಿರುವ ಸೀಟು. ಒಂಬತ್ತು ಇದ್ದರೆ ಒಂಬತ್ತೋ ಅದಕ್ಕಿಂತ ಹೆಚ್ಚೋ ಇದೆ ಎಂದರ್ಥ. ಇದರಲ್ಲಿ ಕ್ಯೂ ಎಲ್ಲಕ್ಕಿಂತ ಅಗ್ಗ ಎಂದಿಟ್ಟುಕೊಳ್ಳಿ. ಅದು ಖಾಲಿಯಾಗಿದೆ. ಕೆ ಒಂದೇ ಇದೆ. ಅದನ್ನು ಯಾರಾದರೂ ಕೊಂಡ ಕ್ಷಣ ಮುಂದಿನವರು ಎಂ ದರ ಕೊಡಬೇಕು. ಎಲ್ಲ ಸೀಟೂ ಒಂದೇ ಅಗಲ, ಎಲ್ಲರಿಗೂ ಸಿಗುವುದು ಒಂದೇ ಲೋಟ ನೀರು, ಆದರೆ ಒಂದೇ ಸಾಲಿನಲ್ಲಿ ಕೂತ ಮೂವರು ಮೂರು ಬೆಲೆ ಕೊಟ್ಟಿರುತ್ತಾರೆ. ನಿನ್ನೆ ರಾತ್ರಿ 4,200 ರೂಪಾಯಿ ಇದ್ದದ್ದು ಬೆಳಗಾಗುವಾಗ 5,100 ಆಗಿದ್ದರೆ, ಬಹುಪಾಲು ಸಲ ನಡೆದಿರುವುದು ಇಷ್ಟೇ: ಒಂದು ಮೆಟ್ಟಿಲ ಕೊನೆಯ ಸೀಟನ್ನು ರಾತ್ರಿ ಯಾರೋ ಕೊಂಡಿದ್ದಾರೆ.

ಈ ಲೆಕ್ಕವನ್ನು ಜನಸಾಮಾನ್ಯರಿಗೆ ಕಣ್ಣಿಗೆ ಕಟ್ಟುವಂತೆ ತೋರಿಸಿದವರು ನಮ್ಮ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. 2003ರಲ್ಲಿ ಅವರು ಆರಂಭಿಸಿದ ಏರ್ ಡೆಕ್ಕನ್ ಮುಂದೆ ಒಂದು ರೂಪಾಯಿಗೆ ಟಿಕೆಟ್ ಮಾರಿತು. ಇಡೀ ವಿಮಾನವನ್ನು ಒಂದು ರೂಪಾಯಿಗೆ ಹಾರಿಸಿದ್ದಲ್ಲ. ಕೆಲವೇ ಸೀಟು ಆ ಬೆಲೆಗೆ, ಅದೂ ಮೊದಲು ಬಂದವರಿಗೆ. ಉಳಿದವು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ. ಇವತ್ತು ನಿಮ್ಮ ಫೋನಿನಲ್ಲಿ ಕಾಣುವ ದರವೂ ಅದೇ ಏಣಿಯ ಒಂದು ಮೆಟ್ಟಿಲು.

2. ರೈಲಿನ ರೂಢಿ, ಬಸ್ಸಿನ ರೂಢಿ ಇಲ್ಲಿ ನಡೆಯದು

ರೈಲಿನಲ್ಲಿ 60 ದಿನ ಮುಂಚೆ ಬುಕಿಂಗ್ ತೆರೆಯುತ್ತದೆ, ಹೆಚ್ಚಿನ ಗಾಡಿಗಳಲ್ಲಿ ದರ ಮೊದಲೂ ಅಷ್ಟೇ, ಕೊನೆಗೂ ಅಷ್ಟೇ. ಬಸ್ಸಿನಲ್ಲಿ ಸೀಟು ಖಾಲಿ ಉಳಿದರೆ ಹೊರಡುವ ಹೊತ್ತಿಗೆ ಕಂಡಕ್ಟರ್ ಕರೆದು ಕೂರಿಸುತ್ತಾನೆ. ಈ ಎರಡರ ಅಭ್ಯಾಸ ಇರುವವರು "ಕೊನೆಗೆ ಖಾಲಿ ಇದ್ದರೆ ದರ ಇಳಿಸಿಯೇ ಇಳಿಸುತ್ತಾರೆ" ಎಂದು ಕಾಯುತ್ತಾರೆ. ವಿಮಾನದಲ್ಲಿ ಕೊನೆಯ ಮೂರು ದಿನ ಟಿಕೆಟ್ ಕೊಳ್ಳುವವರು ಯಾರು? ಕಂಪನಿ ದುಡ್ಡಿನಲ್ಲಿ ಮೀಟಿಂಗಿಗೆ ಹೊರಟವರು, ಆಸ್ಪತ್ರೆಗೆ ಓಡುವವರು, ಸಾವಿನ ಸುದ್ದಿ ಕೇಳಿದವರು. ಎಷ್ಟಾದರೂ ಕೊಡುತ್ತಾರೆ ಎಂದು ಗೊತ್ತಿರುವುದರಿಂದಲೇ ಏರ್‌ಲೈನ್ ಆ ಸೀಟುಗಳನ್ನು ದುಬಾರಿ ಮೆಟ್ಟಿಲಲ್ಲಿ ಕಾದಿರಿಸುತ್ತದೆ. ಇಂದು ಕೊನೆ ಗಳಿಗೆಯಲ್ಲಿ ಇಳಿಸಿದರೆ ನಾಳೆಯಿಂದ ಎಲ್ಲರೂ ಕಾಯತೊಡಗುತ್ತಾರೆ ಎಂಬುದೂ ಅವರಿಗೆ ಗೊತ್ತು. ಕೊನೆ ಗಳಿಗೆಯ ಅಗ್ಗದ ಟಿಕೆಟ್ಟನ್ನು ನಂಬಿ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ.

3. ಎಷ್ಟು ಮುಂಚೆ?

ನನ್ನ ಅನುಭವದ ಲೆಕ್ಕ ಇದು. ದೇಶದೊಳಗೆ ಮಾಮೂಲಿ ದಿನಗಳಿಗೆ ನಾಲ್ಕರಿಂದ ಎಂಟು ವಾರ. ಹಬ್ಬ, ಲಾಂಗ್ ವೀಕೆಂಡ್, ಏಪ್ರಿಲ್-ಮೇ ರಜೆಗೆ ಎರಡೂವರೆಯಿಂದ ಮೂರು ತಿಂಗಳು. ಗಲ್ಫ್‌ಗೆ ಒಂದೂವರೆಯಿಂದ ಮೂರು ತಿಂಗಳು. ಅಮೆರಿಕ, ಯುರೋಪ್, ಆಸ್ಟ್ರೇಲಿಯಾಕ್ಕೆ ಮೂರರಿಂದ ಐದು ತಿಂಗಳು. ಡಿಸೆಂಬರ್ ಹದಿನೈದರ ಆಚೀಚೆ ಬೇಕೆಂದರೆ ಆರು ತಿಂಗಳೂ ಹೆಚ್ಚೇನಲ್ಲ.

ತೀರಾ ಮುಂಚೆಯೂ ಬೇಡ. ದೂರದ ದೇಶಗಳ ಟಿಕೆಟ್ ಸುಮಾರು ಹನ್ನೊಂದು ತಿಂಗಳು ಮುಂಚೆಯೇ ಮಾರಾಟಕ್ಕೆ ಬರುತ್ತದೆ, ಆದರೆ ಆಗ ಕೆಳಗಿನ ಮೆಟ್ಟಿಲುಗಳನ್ನು ಇನ್ನೂ ಪೂರ್ತಿ ತೆರೆದಿರುವುದಿಲ್ಲ. ಇನ್ನೊಂದು ವಿಷಯವಿದೆ. ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ, ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ಆ ಗಡಿ ದಾಟಿದ ದಿನಕ್ಕೆ ಬಹಳ ಮುಂಚೆ ಬುಕ್ ಮಾಡಿದರೆ ಬೆಳಗಿನ ವಿಮಾನ ಮಧ್ಯಾಹ್ನಕ್ಕೆ ಹೋಗಿ, ಮುಂದಿನ ಕನೆಕ್ಷನ್ ತಪ್ಪಿಹೋಗಬಹುದು.

4. ಮಂಗಳವಾರದ ಮಾತು ಬಿಟ್ಟುಬಿಡಿ

ಮಂಗಳವಾರ ಮಧ್ಯಾಹ್ನ ಬುಕ್ ಮಾಡಿದರೆ ಅಗ್ಗ ಎಂಬ ಮಾತು ಹುಟ್ಟಿದ್ದು ಅಮೆರಿಕದಲ್ಲಿ, ಅದಕ್ಕೆ ಒಂದು ಕಾಲದಲ್ಲಿ ಅರ್ಥವೂ ಇತ್ತು. ಅಲ್ಲಿ ಸೋಮವಾರ ರಾತ್ರಿ ಒಂದು ಏರ್‌ಲೈನ್ ಸೇಲ್ ಘೋಷಿಸಿದರೆ ಮಂಗಳವಾರ ಉಳಿದವು ಅದಕ್ಕೆ ಸರಿಗಟ್ಟುತ್ತಿದ್ದವು. ಈಗ ದರಗಳು ದಿನಕ್ಕೆ ಎಷ್ಟೋ ಸಲ ಬದಲಾಗುತ್ತವೆ. ಮಧ್ಯರಾತ್ರಿ ಎದ್ದು ಬುಕ್ ಮಾಡುವುದು, ಫೋನಿನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆದು ಹುಡುಕುವುದು, ಇವುಗಳಿಂದ ದರ ಇಳಿದದ್ದನ್ನು ನಾನು ಕಂಡಿಲ್ಲ. ನಿದ್ದೆ ಮಾಡಿ.

5. ಹೊರಡುವ ದಿನ, ಹೊರಡುವ ಹೊತ್ತು

ಬುಕ್ ಮಾಡುವ ದಿನಕ್ಕಿಂತ ಹತ್ತುವ ದಿನ ಮುಖ್ಯ. ಬೆಂಗಳೂರಿನಿಂದ ಶುಕ್ರವಾರ ಸಂಜೆ ಊರಿಗೆ ಹೊರಡುವವರ ಜಾತ್ರೆ. ಭಾನುವಾರ ಸಂಜೆ, ಸೋಮವಾರ ಬೆಳಗಿನ ಜಾವ ಮರಳುವವರ ಜಾತ್ರೆ. ಅದೇ ಮಂಗಳವಾರ, ಬುಧವಾರ ಮಧ್ಯಾಹ್ನ, ಶನಿವಾರ ಸಂಜೆ ಹೋಗಲು ಸಾಧ್ಯವಿದ್ದರೆ ದರದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಸಿಗುತ್ತದೆ. ಹುಡುಕುವ ಮೊದಲು ಇಡೀ ತಿಂಗಳ ದರ ತೋರಿಸುವ ಕ್ಯಾಲೆಂಡರ್ ತೆರೆಯಿರಿ. ಒಂದು ದಿನ ಆಚೀಚೆ ಮಾಡಿದರೆ ಎಷ್ಟು ಉಳಿಯುತ್ತದೆ ಎಂದು ಅಲ್ಲೇ ಕಾಣಿಸುತ್ತದೆ.

6. ಜನ ಯಾವ ಕಡೆ ಹರಿಯುತ್ತಿದ್ದಾರೆ ನೋಡಿ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಸೂತ್ರ. ಕರಾವಳಿಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ನಮ್ಮ ಅರ್ಧ ಮನೆ ಗಲ್ಫ್‌ನಲ್ಲಿದೆ.

ದುಬೈ, ಅಬುಧಾಬಿಯ ಶಾಲೆಗಳಿಗೆ ಜುಲೈ, ಆಗಸ್ಟ್ ಬೇಸಿಗೆ ರಜೆ. ಜೂನ್ ಕೊನೆಯಿಂದ ಜುಲೈ ಮೊದಲ ವಾರದ ತನಕ ಮಕ್ಕಳನ್ನು ಕಟ್ಟಿಕೊಂಡು ಎಲ್ಲರೂ ಊರಿಗೆ ಹೊರಡುತ್ತಾರೆ. ಆಗ ದುಬೈಯಿಂದ ಮಂಗಳೂರಿಗೆ ಬರುವ ದರ ಆಕಾಶ ಮುಟ್ಟುತ್ತದೆ. ಅದೇ ವಿಮಾನ ಮಂಗಳೂರಿನಿಂದ ದುಬೈಗೆ ಮರಳುವಾಗ? ಸೀಟು ಖಾಲಿ, ದರ ಇಳಿಮುಖ. ಆಗಸ್ಟ್ ಕೊನೆಗೆ ಎಲ್ಲ ತಿರುಗುಮುರುಗು. ಮಂಗಳೂರಿನಿಂದ ಹೋಗುವ ದರ ಏರುತ್ತದೆ, ಅಲ್ಲಿಂದ ಬರುವ ದರ ಇಳಿಯುತ್ತದೆ.

ಬಂಟ್ವಾಳದ ಕಡೆಯ ಒಬ್ಬರು ಹೆಂಗಸು ಪ್ರತಿ ವರ್ಷ ಮಗನ ಮನೆಯವರು ರಜೆಗೆ ಬರಲೆಂದು ಕಾಯುತ್ತಿದ್ದರು. ನಾಲ್ಕು ಜನರ ಟಿಕೆಟ್ ದುಡ್ಡು ಹೊಂದಿಸಲಾಗದೆ ಮಗ ಎರಡು ವರ್ಷ ಬರಲೇ ಇಲ್ಲ. ಮೂರನೆಯ ವರ್ಷ ಅವರು ಕೌಂಟರಿನ ಮುಂದೆ ಕೂತು, ಮಡಿಸಿದ ಕರವಸ್ತ್ರವನ್ನು ಬಿಚ್ಚಿ ಮಡಿಸಿ ಮಾಡುತ್ತಾ, "ಈ ಸಲಾನೂ ಆಗಲ್ವಂತೆ" ಎಂದರು. ನಾನು ಪರದೆ ಅವರ ಕಡೆ ತಿರುಗಿಸಿ ಎರಡು ದಿಕ್ಕಿನ ದರ ತೋರಿಸಿದೆ. ನಾಲ್ವರು ಬರುವುದಕ್ಕಿಂತ ಒಬ್ಬರು ಹೋಗುವುದು, ಅದೂ ಖಾಲಿ ದಿಕ್ಕಿನಲ್ಲಿ. ಜುಲೈ ಎರಡನೇ ವಾರ ಅವರೇ ಹೋದರು, ಆಗಸ್ಟ್ ಹತ್ತರ ಸುಮಾರಿಗೆ ಮರಳಿದರು. ಮೊಮ್ಮಕ್ಕಳಿಗೆ ರಜೆ, ಅಜ್ಜಿಗೆ ತಿಂಗಳಿಡೀ ಅವರ ಜೊತೆ. ವೀಸಾ ಖರ್ಚು ಸೇರಿಸಿದರೂ ಒಟ್ಟು ಮೊತ್ತ, ಆ ನಾಲ್ವರಲ್ಲಿ ಇಬ್ಬರು ಬಂದುಹೋಗುವಷ್ಟೂ ಆಗಲಿಲ್ಲ.

ದೀಪಾವಳಿಗೂ ಇದೇ. ಹಬ್ಬದ ಮುನ್ನಾದಿನ ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ, ಮಂಗಳೂರಿಗೆ ನೂಕುನುಗ್ಗಲು, ಎದುರು ದಿಕ್ಕು ಖಾಲಿ. ಮಕ್ಕಳು ಊರಿಗೆ ಬರುವ ಬದಲು ಅಪ್ಪ ಅಮ್ಮ ಬೆಂಗಳೂರಿಗೆ ಹೋದರೆ ಹಬ್ಬವೂ ಆಗುತ್ತದೆ, ದುಡ್ಡೂ ಉಳಿಯುತ್ತದೆ. 2025ರ ಆರಂಭದಲ್ಲಿ ಪ್ರಯಾಗ್‌ರಾಜ್‌ನ ಮಹಾಕುಂಭಕ್ಕೆ ಜನ ಹರಿದಾಗ ದರ ಏರಿದ ಪರಿಗೆ, ಹೆಚ್ಚು ವಿಮಾನ ಹಾಕಿ ಎಂದು ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಏರ್‌ಲೈನ್‌ಗಳಿಗೆ ಹೇಳಬೇಕಾಯಿತು. ನೀವು ಹೋಗುವ ಊರಿನಲ್ಲಿ ಆ ವಾರ ಏನಿದೆ, ಜಾತ್ರೆಯೋ, ಐಪಿಎಲ್ ಫೈನಲ್ಲೋ, ದೊಡ್ಡ ಸಮ್ಮೇಳನವೋ, ಮೊದಲು ವಿಚಾರಿಸಿ. ಬೆಂಗಳೂರಾದರೆ ಯಲಹಂಕದ ಏರೋ ಇಂಡಿಯಾವನ್ನೂ ನೆನಪಿಡಿ. ಎರಡು ವರ್ಷಕ್ಕೊಮ್ಮೆ ಫೆಬ್ರುವರಿಯಲ್ಲಿ ನಡೆಯುವ ಆ ಪ್ರದರ್ಶನದ ದಿನಗಳಲ್ಲಿ ಕೆಂಪೇಗೌಡ ನಿಲ್ದಾಣದ ವೇಳಾಪಟ್ಟಿಯೇ ಏರುಪೇರಾಗುತ್ತದೆ.

7. ಹಬ್ಬಕ್ಕೆ ಹೋಗುವುದಾದರೆ ಮೊದಲು ಮರಳುವ ಟಿಕೆಟ್ ಕೊಳ್ಳಿ

ಊರಿಗೆ ಹೋಗಲು ಜನ ಬೇರೆ ಬೇರೆ ದಿನ ಹೊರಡುತ್ತಾರೆ. ಮರಳುವುದು ಮಾತ್ರ ಎಲ್ಲರೂ ಅದೇ ಭಾನುವಾರ ಸಂಜೆ. ಅಗ್ಗದ ಮೆಟ್ಟಿಲು ಮೊದಲು ಖಾಲಿಯಾಗುವುದು ಅಲ್ಲೇ. ಹೋಗುವುದಕ್ಕೆ ರಾತ್ರಿ ಬಸ್ಸಾದರೂ ಇದೆ.

8. ನಾಲ್ವರಿದ್ದರೆ ಮೊದಲು ಒಬ್ಬರಿಗೆ ಹುಡುಕಿ

ಈ ಒಂದು ಉಪಾಯದಿಂದ ಎಷ್ಟೋ ಕುಟುಂಬಗಳಿಗೆ ಸಾವಿರಗಟ್ಟಲೆ ಉಳಿಸಿಕೊಟ್ಟಿದ್ದೇನೆ. ಲೆಕ್ಕ ಹೀಗೆ. 4,500ರ ಮೆಟ್ಟಿಲಲ್ಲಿ ಮೂರೇ ಸೀಟು ಉಳಿದಿವೆ, ಮುಂದಿನ ಮೆಟ್ಟಿಲು 5,800 ಎಂದುಕೊಳ್ಳಿ. ನೀವು ನಾಲ್ಕು ಜನ ಎಂದು ಹುಡುಕಿದರೆ, ನಾಲ್ಕು ಸೀಟು ಒಟ್ಟಿಗೆ ಇರುವ ಮೆಟ್ಟಿಲಿನಿಂದಲೇ ದರ ಬರುತ್ತದೆ: ನಾಲ್ಕು ಸಲ 5,800, ಅಂದರೆ 23,200. ಮೂವರಿಗೆ ಒಂದು, ಒಬ್ಬರಿಗೆ ಇನ್ನೊಂದು ಎಂದು ಬಿಡಿಸಿ ಕೊಂಡರೆ 13,500 ಮತ್ತು 5,800 ಸೇರಿ 19,300. ಅದೇ ವಿಮಾನ, ಅದೇ ನಾಲ್ವರು, 3,900 ಕಡಿಮೆ.

ಹಾಗಾಗಿ ಒಬ್ಬರು, ಇಬ್ಬರು, ಮೂವರು, ನಾಲ್ವರು ಎಂದು ಏರಿಸುತ್ತಾ ಹುಡುಕಿ. ತಲೆಗೆ ಬೀಳುವ ದರ ಎಲ್ಲಿ ಜಿಗಿಯಿತೋ ಅಲ್ಲಿ ಬಿಡಿಸಿ. ಎರಡು ಎಚ್ಚರಿಕೆ: ಚಿಕ್ಕ ಮಗು ಯಾವಾಗಲೂ ದೊಡ್ಡವರ ಪಿಎನ್‌ಆರ್‌ನಲ್ಲೇ ಇರಲಿ. ಕನೆಕ್ಷನ್ ಇರುವ ದೂರ ಪ್ರಯಾಣದಲ್ಲಿ ವಯಸ್ಸಾದವರನ್ನು ಬೇರೆ ಪಿಎನ್‌ಆರ್‌ಗೆ ಹಾಕಬೇಡಿ, ವಿಮಾನ ರದ್ದಾದರೆ ಅವರಿಗೊಂದು ದಾರಿ, ನಿಮಗೊಂದು ದಾರಿ ಕೊಟ್ಟುಬಿಡಬಹುದು.

9. ಅಲರ್ಟ್ ಹಾಕಿ, ಒಂದು ಮೊತ್ತ ನಿರ್ಧರಿಸಿ

ಗೂಗಲ್ ಫ್ಲೈಟ್ಸ್, ಸ್ಕೈಸ್ಕ್ಯಾನರ್ ಎರಡರಲ್ಲೂ ದರ ಇಳಿದಾಗ ತಿಳಿಸುವ ಅಲರ್ಟ್ ಇದೆ. ಗೂಗಲ್ ಫ್ಲೈಟ್ಸ್ ಎಷ್ಟೋ ಮಾರ್ಗಗಳಿಗೆ ಈಗಿನ ದರ ಕಡಿಮೆಯೋ, ಮಾಮೂಲಿಯೋ, ಹೆಚ್ಚೋ ಎಂದೂ ಹೇಳುತ್ತದೆ. ಒಂದು ವಾರ ನೋಡಿ, "ಇಷ್ಟಕ್ಕೆ ಬಂದರೆ ಕೊಳ್ಳುತ್ತೇನೆ" ಎಂದು ಒಂದು ಮೊತ್ತ ಬರೆದಿಡಿ. ಬಂತೋ, ಕೊಂಡುಬಿಡಿ. ಇನ್ನೂರು ರೂಪಾಯಿ ಇಳಿಯಲೆಂದು ಕಾದು ಎರಡು ಸಾವಿರ ಹೆಚ್ಚು ಕೊಟ್ಟವರನ್ನು ನಾನು ಬಹಳ ಕಂಡಿದ್ದೇನೆ. ಕೊಂಡ ಮೇಲೆ ಅಲರ್ಟ್ ತೆಗೆದುಹಾಕಿ.

10. ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಲೆಕ್ಕ ಹಾಕಿ

ಬೆಳಗಿನ ಐದರ ವಿಮಾನ 900 ರೂಪಾಯಿ ಅಗ್ಗ ಎಂದು ಕೊಂಡು, ಬೆಂಗಳೂರಿನ ಜಯನಗರದಿಂದ ದೇವನಹಳ್ಳಿಯ ನಿಲ್ದಾಣಕ್ಕೆ ರಾತ್ರಿ ಎರಡಕ್ಕೆ ಕ್ಯಾಬ್ ಹಿಡಿದರೆ ಉಳಿದದ್ದೇನು? ವಾಯು ವಜ್ರ ಬಸ್ಸು ಸಿಗುವ ಹೊತ್ತಿನ ವಿಮಾನ ನೋಡಿ. ಮೈಸೂರಿನವರಿಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ನೇರವಾಗಿ ನಿಲ್ದಾಣಕ್ಕೇ ಹೋಗುತ್ತದೆ.

ಲಗೇಜು ಇನ್ನೊಂದು. ದೇಶದೊಳಗಿನ ಅಗ್ಗದ ಟಿಕೆಟ್ಟಿನಲ್ಲಿ ಸಾಮಾನ್ಯವಾಗಿ ಚೆಕ್-ಇನ್‌ಗೆ 15 ಕಿಲೋ, ಕೈಯಲ್ಲಿ 7 ಕಿಲೋ. ಹಲಸಿನ ಹಪ್ಪಳ, ಕುಚ್ಚಲಕ್ಕಿ, ಉಪ್ಪಿನಕಾಯಿ ತುಂಬಿದ ಪೆಟ್ಟಿಗೆ ನಿಲ್ದಾಣದ ತಕ್ಕಡಿಯಲ್ಲಿ 21 ತೋರಿಸಿದರೆ ಅಲ್ಲಿ ಕೊಡುವ ಕಿಲೋವಾರು ದಂಡ ಟಿಕೆಟ್ಟಿನಲ್ಲಿ ಉಳಿಸಿದ್ದನ್ನೆಲ್ಲ ತಿಂದುಹಾಕುತ್ತದೆ. ಮನೆಯಲ್ಲೇ ತೂಕ ಮಾಡಿ. ಹೆಚ್ಚು ಬೇಕೆಂದರೆ ಮುಂಚಿತವಾಗಿ ಆನ್‌ಲೈನಿನಲ್ಲೇ ಕೊಳ್ಳಿ, ಅಲ್ಲಿ ಕಡಿಮೆ. ಕನ್ವೀನಿಯನ್ಸ್ ಫೀ, ಸೀಟು ಆಯ್ಕೆಯ ಶುಲ್ಕ, ಬೇಡದಿದ್ದರೂ ಟಿಕ್ ಆಗಿರುವ ವಿಮೆ, ಎಲ್ಲ ಸೇರಿದ ಕೊನೆಯ ಪುಟದ ಮೊತ್ತವನ್ನು ಮಾತ್ರ ಹೋಲಿಸಿ.

11. ಬುಕ್ ಮಾಡಿದ ಮೇಲೂ ನಿಮಗೆ ಹಕ್ಕುಗಳಿವೆ

ಬಹಳ ಮಂದಿಗೆ ಗೊತ್ತಿಲ್ಲದ ಎರಡು ಸಂಗತಿ. ಹೊರಡುವ ದಿನ ಒಂದು ವಾರಕ್ಕಿಂತ ದೂರವಿರುವ ದೇಶೀಯ ಟಿಕೆಟ್ಟನ್ನು ಏರ್‌ಲೈನ್‌ನಿಂದ ಕೊಂಡಿದ್ದರೆ, ಬುಕ್ ಮಾಡಿದ ಮೊದಲ 24 ಗಂಟೆಯಲ್ಲಂತೂ ರದ್ದುಮಾಡಲು ಶುಲ್ಕ ಕೊಡಬೇಕಿಲ್ಲ. ಇದು ಡಿಜಿಸಿಎ ನಿಯಮ. ಒಳ್ಳೆಯ ದರ ಕಂಡರೆ ಕೊಂಡುಬಿಡಿ, ಮನೆಯವರನ್ನು ಆಮೇಲೆ ಕೇಳಿ.

ಎರಡನೆಯದು: "ನಾನ್-ರಿಫಂಡಬಲ್" ಎಂದು ಬರೆದಿರುವ ಟಿಕೆಟ್ ರದ್ದಾದರೂ, ನೀವು ವಿಮಾನಕ್ಕೆ ಹೋಗದೇ ಇದ್ದರೂ, ಅದರಲ್ಲಿ ಸೇರಿದ ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕ ನಿಮಗೆ ಮರಳಿ ಬರಬೇಕು. ಅಗ್ಗದ ಟಿಕೆಟ್ಟಿನಲ್ಲಿ ಆ ಭಾಗವೇ ಗಣನೀಯವಾಗಿರುತ್ತದೆ. ಕೇಳಿ ಪಡೆಯಿರಿ.

12. ಹೆಸರು ಮತ್ತು ವೀಸಾ

ಅಗ್ಗದ ಟಿಕೆಟ್ ವ್ಯರ್ಥವಾಗುವುದು ಹೆಚ್ಚಾಗಿ ಇಲ್ಲೇ. ನಮ್ಮಲ್ಲಿ ಇನಿಷಿಯಲ್ ಇಟ್ಟುಕೊಂಡವರು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರು ಬಹಳ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅಕ್ಷರಶಃ ಹಾಗೇ ಟಿಕೆಟ್ಟಿನಲ್ಲಿರಲಿ. ಒಂದೇ ಹೆಸರಿರುವ ಪಾಸ್‌ಪೋರ್ಟಿನ ಬಗ್ಗೆ ಯುಎಇ 2022ರ ನವೆಂಬರಿನಿಂದ ನಿಯಮ ಬಿಗಿ ಮಾಡಿದೆ, ಅಲ್ಲಿಗೆ ಹೊರಟವರು ಮೊದಲು ಅದನ್ನು ವಿಚಾರಿಸಿಕೊಳ್ಳಿ. ಅಮೆರಿಕಕ್ಕಾದರೆ ವೀಸಾ ಕೈಗೆ ಬರುವ ಮೊದಲು ಟಿಕೆಟ್ ಬೇಡವೇ ಬೇಡ, ದರ ಎಷ್ಟೇ ಚೆನ್ನಾಗಿರಲಿ.

13. ಪಕ್ಕದ ನಿಲ್ದಾಣವನ್ನು ಮರೆಯಬೇಡಿ

ಕಾರವಾರ, ಬೆಳಗಾವಿಯವರಿಗೆ ಗೋವಾದಲ್ಲಿ ಎರಡು ನಿಲ್ದಾಣಗಳಿವೆ, ಹಳೆಯ ದಾಬೋಲಿಂ ಮತ್ತು 2023ರಲ್ಲಿ ಶುರುವಾದ ಮೋಪಾ. ಬೀದರ್, ಕಲಬುರಗಿಯವರಿಗೆ ಹೈದರಾಬಾದ್. ಮಂಗಳೂರು, ಕಾಸರಗೋಡು, ಕೊಡಗಿನವರಿಗೆ 2018ರ ಡಿಸೆಂಬರಿನಲ್ಲಿ ತೆರೆದ ಕಣ್ಣೂರು.

14. ತುರ್ತು ಬಂದಾಗ

ಮೇಲಿನ ಯಾವ ಸೂತ್ರವೂ ಒದಗದ ದಿನ ಒಂದು ಬರುತ್ತದೆ. 2025ರ ಡಿಸೆಂಬರ್ ಮೊದಲ ವಾರ ದೇಶದಲ್ಲಿ ಒಮ್ಮೆಗೇ ಸಾವಿರಾರು ವಿಮಾನ ರದ್ದಾಗಿ, ಉಳಿದ ಸೀಟುಗಳ ದರಕ್ಕೆ ಕೇಂದ್ರ ಸರ್ಕಾರವೇ ಮಿತಿ ಹಾಕಬೇಕಾಯಿತು. ಅಂಥ ದಿನ ಮೂರೇ ಕೆಲಸ ಮಾಡಿ. ಊರಿನ ಹೆಸರು ಬಿಟ್ಟು ಸುತ್ತಲಿನ ಎಲ್ಲ ನಿಲ್ದಾಣ ಹುಡುಕಿ. ಮೊದಲ ವಿಮಾನ, ಕೊನೆಯ ವಿಮಾನ ನೋಡಿ. ಒಂದು ಕಡೆಯ ಟಿಕೆಟ್ ಮಾತ್ರ ಕೊಳ್ಳಿ, ಮರಳುವ ದಿನ ಯಾರಿಗೂ ಗೊತ್ತಿರುವುದಿಲ್ಲ.

ಒಂದು ರಾತ್ರಿ ಹನ್ನೊಂದೂವರೆಗೆ ಹೈದರಾಬಾದಿನಿಂದ ಒಬ್ಬ ಹುಡುಗ ಫೋನ್ ಮಾಡಿದ. ವಿರಾಜಪೇಟೆಯ ಆಸ್ಪತ್ರೆಯಲ್ಲಿ ತಾಯಿ. ಬೆಂಗಳೂರಿಗೆ ಬೆಳಗಿನ ಸೀಟು ಹುಡುಕುತ್ತಿದ್ದ, ದರ ಕೇಳಿಯೇ ದನಿ ನಡುಗುತ್ತಿತ್ತು. ಬೆಂಗಳೂರಿಗೆ ಇಳಿದರೂ ಅಲ್ಲಿಂದ ವಿರಾಜಪೇಟೆಗೆ ರಸ್ತೆಯಲ್ಲಿ ಆರು ತಾಸು. ನಾನು ಕಣ್ಣೂರು ಹಾಕಿ ನೋಡಿದೆ. ಬೆಳಿಗ್ಗೆ ಒಂದು ವಿಮಾನ, ಬೆಂಗಳೂರಿಗಿಂತ ಕಡಿಮೆ ದರ, ಎರಡು ಸೀಟು. ಫೋನ್ ಇಡದೆಯೇ ಟಿಕೆಟ್ ಮಾಡಿದೆ. ಕಣ್ಣೂರು ನಿಲ್ದಾಣವಿರುವ ಮಟ್ಟನ್ನೂರಿನಲ್ಲಿ ಇಳಿದು ಟ್ಯಾಕ್ಸಿ ಹಿಡಿದು, ಮಾಕುಟ್ಟ ಘಾಟಿ ಹತ್ತಿ ಹೋದ. ಮಧ್ಯಾಹ್ನದ ಊಟಕ್ಕೆ ಮೊದಲೇ ಅವನ ಮೆಸೇಜ್ ಬಂತು: "ಅಮ್ಮನ ಹತ್ತಿರ ಇದ್ದೇನೆ. ಮಾತಾಡಿದ್ರು."